ಕುಕ್ಕರಣ್ಣನ ಕೊಲೆ ಮತ್ತು ಓದುಗರ ಅಭಿಪ್ರಾಯ

ಓದುಗರ ಅಭಿಪ್ರಾಯವೆಂದರೆ ನನಗೆ ಬಹಳ ಇಷ್ಟವಾಗಿತ್ತು. ಎಷ್ಟು ಇಷ್ಟವೆಂದರೆ, ನನ್ನ ಪುಸ್ತಕಗಳ ಕೊನೆಯ ಪುಟದಲ್ಲಿ ‘ಮುದ್ದು ಮಕ್ಕಳೇ, ನಿಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಬರೆದು ತಿಳಿಸಿ’ ಎಂದು ದಪ್ಪ ಅಕ್ಷರಗಳಲ್ಲಿ ಹಾಕಿಸಿ, ಅದರ ಕೆಳಗೆ ಅರಸೀಕೆರೆಯ ನಮ್ಮ ಮನೆಯ ವಿಳಾಸವನ್ನು ಅಡ್ಡರಸ್ತೆ, ಹಿಟ್ಟಿನ ಗಿರಣಿ, ಹಸಿರು ಗೇಟುಗಳ ಸಮೇತ ಅಚ್ಚು ಮಾಡಿಸಿದ್ದೆ. ಯಾರ ಬಲವಂತವೂ ಇರಲಿಲ್ಲ. ಸ್ವಂತ ಬುದ್ಧಿ!

ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮ ಯಜಮಾನರು ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತರು. ಬೀದಿಗೆಲ್ಲ ಎರಡೇ ಫೋನಿದ್ದ ಕಾಲ. ಸಂಜೆ ಹೊತ್ತು ಕೂತು ನಾನು ಮಕ್ಕಳಿಗಾಗಿ ‘ಬಾನಾಚೆ ಬಳಗ’ ಎಂಬ ವೈಜ್ಞಾನಿಕ ಸಾಹಸ ಕಥಾಮಾಲೆ ಬರೆಯುತ್ತಿದ್ದೆ. ಅಣ್ಣ ವಿನು, ತಂಗಿ ಚಂದ್ರಿ, ಇಬ್ಬರೂ ಸೇರಿ ಅಜ್ಜಿಯ ಹಳೆಯ ಪ್ರೆಶರ್ ಕುಕ್ಕರಿನಿಂದ ಒಂದು ಯಂತ್ರಮಾನವನನ್ನು ಮಾಡುತ್ತಾರೆ. ಅವನೇ ಕುಕ್ಕರಣ್ಣ. ಅಪಾಯ ಬಂದರೆ ಸೀಟಿ ಹಾಕುತ್ತಾನೆ. ಮೂವರೂ ಗ್ರಹದಿಂದ ಗ್ರಹಕ್ಕೆ ಹೋಗಿ ಬರುತ್ತಾರೆ. ನಾಲ್ಕು ಭಾಗ ಬಂದಿದ್ದವು. ಸ್ಟೇಷನ್ ಹತ್ತಿರದ ಒಂದು ಪ್ರೆಸ್ಸಿನವರು ಅಚ್ಚು ಹಾಕಿ ಸುತ್ತಲಿನ ಶಾಲೆಗಳಿಗೆ ಕಳಿಸುತ್ತಿದ್ದರು. ಬೇಲೂರು, ಹಳೇಬೀಡು, ಕಣಕಟ್ಟೆ ಕಡೆಯಿಂದೆಲ್ಲ ಕಾರ್ಡುಗಳು ಬರುತ್ತಿದ್ದವು. ‘ಟೀಚರ್, ಸೂಪರ್!’ ಎಂಬುದು ಸಾಮಾನ್ಯ ಅಭಿಪ್ರಾಯ. ಊಟದ ಹೊತ್ತಿಗೆ ಅವನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ದಿನಚರಿ. ಅವರು ಸಾರು ಕೇಳಿದರೂ ನಾನು ಇನ್ನೊಂದು ಕಾರ್ಡು ಓದುತ್ತಿದ್ದೆ.

ಹೀಗಿರುವಾಗ ನಮ್ಮ ಶಾಲೆಯ ಕನ್ನಡ ಪಂಡಿತರಾದ ರುದ್ರಯ್ಯ ಮೇಷ್ಟ್ರು ಒಂದು ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ತೀರ್ಪು ಕೊಟ್ಟರು. “ನಾಲ್ಕೂ ಓದಿದೆ ಮೇಡಮ್. ಚೆನ್ನಾಗಿವೆ. ಆದರೆ ಗಾಂಭೀರ್ಯ ಸಾಲದು. ನಾಲ್ಕು ಭಾಗವಾದರೂ ಒಬ್ಬನೂ ಸತ್ತಿಲ್ಲವಲ್ಲ!”

ಆ ಮಾತು ನನಗೆ ನಾಟಿತು. ಗಾಂಭೀರ್ಯ ಬೇಕೇ? ಕೊಡುತ್ತೇನೆ! ಐದನೇ ಭಾಗದ ಕೊನೆಯಲ್ಲಿ ಕುಕ್ಕರಣ್ಣನನ್ನು ಸೂರ್ಯನೊಳಕ್ಕೆ ಬೀಳಿಸಿದೆ. ನೌಕೆಯಲ್ಲಿದ್ದ ಮಕ್ಕಳನ್ನು ಉಳಿಸುವುದಕ್ಕಾಗಿ ತನ್ನನ್ನು ನೌಕೆಗೆ ಕಟ್ಟಿದ್ದ ಹಗ್ಗವನ್ನು ಅವನೇ ಕಡಿದುಕೊಂಡು, ಮೂರು ಸಲ ಸೀಟಿ ಹಾಕಿ ಬೀಳುತ್ತಾನೆ. ಎಲ್ಲಿ ಯಾರಾದರೂ ಬದುಕಿದನೆಂದು ತಿಳಿದಾರೋ ಎಂದು, ‘ಸೂರ್ಯನ ಮೇಲ್ಮೈಯ ಐದೂವರೆ ಸಾವಿರ ಡಿಗ್ರಿ ಶಾಖದಲ್ಲಿ ಅಲ್ಯುಮಿನಿಯಂ ಕರಗುವುದಷ್ಟೇ ಅಲ್ಲ, ಆವಿಯಾಗಿಬಿಡುತ್ತದೆ’ ಎಂಬ ವೈಜ್ಞಾನಿಕ ಸತ್ಯವನ್ನೂ ಸೇರಿಸಿದೆ. ಬರೆಯುತ್ತಾ ನಾನೇ ಅತ್ತುಬಿಟ್ಟೆ. ಒಳ್ಳೆಯ ಸಾಹಿತ್ಯದ ಲಕ್ಷಣ ಇದೇ ಇರಬೇಕು ಎಂದುಕೊಂಡು ಮೂಗು ಒರೆಸಿಕೊಂಡೆ.

ಪ್ರೂಫ್ ನೋಡುತ್ತಿದ್ದ ಯಜಮಾನರು ಕನ್ನಡಕ ತೆಗೆದರು. “ಪಾಪ, ಅವನನ್ನ ಯಾಕೆ ಸಾಯಿಸಿದೆ?”

“ಗಾಂಭೀರ್ಯ ರೀ!”

“ನನಗ್ಯಾಕೋ ಹೆದರಿಕೆ ಆಗುತ್ತೆ ಕಣೇ. ಕೊನೇ ಪುಟದಲ್ಲಿ ನಮ್ಮನೆ ವಿಳಾಸ ಇದೆ.”

ನಾನು ನಕ್ಕೆ. ಅದು ಆ ತಿಂಗಳಲ್ಲಿ ನಾನು ನಕ್ಕ ಕೊನೆಯ ನಗು.

ಪುಸ್ತಕ ಹೊರಬಂದ ಎಂಟನೇ ದಿನ ಪೋಸ್ಟ್‌ಮ್ಯಾನ್ ಕೆಂಚಪ್ಪ ಗೇಟಿನ ಹೊರಗೇ ನಿಂತುಬಿಟ್ಟ. ದಿನವೂ ಒಳಗೆ ಬಂದು ನೀರು ಕುಡಿಯುತ್ತಿದ್ದವನು ಕೈ ಚಾಚಿ ಕಾರ್ಡುಗಳನ್ನು ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದ.

“ಮೇಡಮ್, ಕೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡಿ. ಯಾರನ್ನ ಸಾಯಿಸಿದ್ರಿ?”

ಮೇಲಿನ ಕಾರ್ಡು ಬೇಲೂರಿನದು. ಕೆಂಪು ಶಾಯಿಯಲ್ಲಿ ಒಂದೇ ಸಾಲು: ‘ಟೀಚರ್, ನೀವು ಕೊಲೆಗಾರ್ತಿ.’ ಕಾರ್ಡಿಗೆ ಮುಚ್ಚಳವಿಲ್ಲವಲ್ಲ! ಅಂಚೆ ಕಚೇರಿಯಿಂದ ನಮ್ಮ ಮನೆಯವರೆಗೆ ಎಷ್ಟು ಜನ ಓದಿದ್ದರೋ. ಎರಡನೆಯದು ಕಣಕಟ್ಟೆಯದು. ‘ನಮಗೆ ಇನ್ನು ನಿಮ್ಮ ಪುಸ್ತಕ ಬೇಡ’ ಎಂದು ಬರೆದು ಇಡೀ ಆರನೇ ತರಗತಿ ರುಜು ಹಾಕಿತ್ತು. ಜಾಗ ಸಾಲದೆ ಕೆಲವರು ಸ್ಟಾಂಪಿನ ಮೇಲೆಯೂ ಹಾಕಿದ್ದರು. ಮೂರನೆಯದು: ‘ನಮ್ಮನೆ ಕುಕ್ಕರ್ ಕೂಗಿದರೆ ತಂಗಿ ಅಳುತ್ತಾಳೆ. ಅಮ್ಮ ಈಗ ಪಾತ್ರೆಯಲ್ಲಿ ಅನ್ನ ಮಾಡುತ್ತಾಳೆ. ದಿನಾ ಸೀಯುತ್ತದೆ. ಇದಕ್ಕೆಲ್ಲ ನೀವೇ ಕಾರಣ.’

ಕೊನೆಯ ಕಾರ್ಡಿನಲ್ಲಿ ಹೆಸರಿರಲಿಲ್ಲ. ‘ಎಚ್ಚರಿಕೆ. ನಿಮ್ಮ ಮನೆ ಗೊತ್ತು. ಹಸಿರು ಗೇಟು. ಭಾನುವಾರ ಬರುತ್ತೇವೆ. ಇಂತಿ, ಕುಕ್ಕರಣ್ಣನ ಕಡೆಯವರು.’

ಆ ಕಾರ್ಡನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ. ಅಷ್ಟರಲ್ಲಿ ಎದುರುಮನೆ ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು. “ಏನ್ರೀ ವಿಮಲಮ್ಮ, ಕುಕ್ಕರ್ ಸಿಡಿದು ನಿಮ್ಮನೇಲಿ ಯಾರೋ ಹೋಗ್ಬಿಟ್ರಂತೆ?”

“ಯಾರೂ ಹೋಗಿಲ್ಲ ಗಂಗಕ್ಕ. ಕುಕ್ಕರೇ ಹೋಗಿದ್ದು!”

ಅವರು ನನ್ನನ್ನು ನೋಡಿದ ರೀತಿಗೆ, ಕೊಲೆಗಾರ್ತಿ ಎಂದಿದ್ದರೇ ವಾಸಿಯಾಗಿತ್ತು.

ಆ ವಾರ ನಾನು ಹೇಗೆ ಬದುಕಿದೆನೋ ದೇವರಿಗೇ ಗೊತ್ತು. ಶಾಲೆಗೆ ಹಿಂದಿನ ಓಣಿಯಿಂದ ಹೋದೆ. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಲು ಧೈರ್ಯವಾಗದೆ, ಮಕ್ಕಳ ಕಡೆ ಮುಖ ಮಾಡಿಕೊಂಡೇ ಕೈಯನ್ನು ಹಿಂದಕ್ಕೆ ತಿರುಚಿ ಆಮ್ಲಜನಕದ ಅಣುಸೂತ್ರ ಬರೆದೆ. ಅದು ಎಂಟನೇ ತರಗತಿಗೆ ಗೋಡೆಯ ಬಿರುಕಿನಂತೆ ಕಂಡಿತಂತೆ. ಬೀದಿಯಲ್ಲಿ ಯಾವ ಮನೆಯ ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತಿದ್ದೆ.

ಭಾನುವಾರ ಬಂತು. ನಾನು ಯುದ್ಧತಂತ್ರವೊಂದನ್ನು ರೂಪಿಸಿದ್ದೆ. ಯಜಮಾನರು ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ, ಹಿತ್ತಲ ಬಾಗಿಲಿನಿಂದ ಒಳಗೆ ಬರಬೇಕು. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಕುಕ್ಕರಣ್ಣನ ಕಡೆಯವರು ವಾಪಸು ಹೋಗಬೇಕು. ಯಜಮಾನರು ಬೀಗವೇನೋ ಹಾಕಿದರು. ಆದರೆ ಅವರು ಹಿತ್ತಲಿಗೆ ಸುತ್ತಿ ಬರುವಷ್ಟರಲ್ಲಿ ನಾನು ಭಯದಿಂದ ಹಿತ್ತಲ ಬಾಗಿಲಿಗೂ ಚಿಲಕ ಜಡಿದು, ಉಗ್ರಾಣದಲ್ಲಿ ರಾಗಿ ಡ್ರಮ್ಮಿನ ಹಿಂದೆ ಕೂತುಬಿಟ್ಟಿದ್ದೆ.

“ವಿಮಲಾ, ಬಾಗಿಲು ತೆಗಿ. ನಾನು.”

“ನೀವೇ ಅನ್ನೋದಕ್ಕೆ ಏನು ಸಾಕ್ಷಿ?”

“ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಇನ್ನೇನು ಸಾಕ್ಷಿ ಬೇಕು?”

ಅದು ಯಾರು ಬೇಕಾದರೂ ಹೇಳಬಹುದಾದ ಮಾತು ಎನಿಸಿ ನಾನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಇನ್ನೊಂದು ದನಿ ಕೇಳಿತು. ದಪ್ಪ ದನಿ. ಗಂಡಸಿನದು. ನನ್ನ ಯಜಮಾನರು ಮೆಲ್ಲಗೆ ಏನೋ ಹೇಳುತ್ತಿದ್ದಾರೆ. ಹಿಡಿದುಕೊಂಡುಬಿಟ್ಟರು! ನನ್ನ ಗಾಂಭೀರ್ಯಕ್ಕೆ ನನ್ನ ಗಂಡ ಬಲಿಯಾದರು! ಒಲೆಯ ಪಕ್ಕದ ಲಟ್ಟಣಿಗೆ ಹಿಡಿದು ಚಿಲಕ ತೆಗೆದೆ.

ಹೊರಗೆ ದೊಡ್ಡ ಮೀಸೆಯ ಆಸಾಮಿಯೊಬ್ಬ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನ ತಲೆಯಲ್ಲಿದ್ದ ಜೇಡರಬಲೆ, ಕೈಯಲ್ಲಿದ್ದ ಲಟ್ಟಣಿಗೆ ಎರಡನ್ನೂ ನೋಡಿ ಅವನೇ ಹಿಂದೆ ಸರಿದ.

“ಇವರು ಹಳೇಬೀಡಿನ ಹತ್ತಿರದ ಹುಲಿಕೆರೆಯ ತಿಮ್ಮೇಗೌಡ್ರು,” ಎಂದರು ಯಜಮಾನರು. “ಅದನ್ನ ಕೆಳಗಿಡು.”

“ತಪ್ಪು ತಿಳೀಬ್ಯಾಡಿ ಅಮ್ಮಾರೆ,” ಎಂದ ತಿಮ್ಮೇಗೌಡ. “ಭಾನುವಾರ ಬತ್ತೀವಿ ಅಂತ ಕಾಗ್ದ ಬರ್ದಿದ್ದು ನನ್ ಮಗಳು, ಪವಿತ್ರ. ಐದ್ನೇ ಕ್ಲಾಸು. ಅದೇ ದಿನ ಅವ್ಳಿಗೆ ಜ್ವರ ಬಂತು. ಜ್ವರ ಈಗ ಬಿಟ್ಟೈತೆ, ಡಾಕ್ಟ್ರು ಏನೂ ಇಲ್ಲ ಅಂದ್ರು. ಆದ್ರೆ ಮೂರು ದಿನದಿಂದ ಗಂಜಿ ಬಿಟ್ರೆ ಏನೂ ಮುಟ್ತಾ ಇಲ್ಲ. ಕುಕ್ಕರಣ್ಣ, ಕುಕ್ಕರಣ್ಣ ಅಂತಾಳೆ. ನಮ್ಗೆ ಓದು ಬರಾಕಿಲ್ಲ, ಅವನು ಯಾರು ಅಂತ್ಲೂ ಗೊತ್ತಿಲ್ಲ. ನೀವು ಬಂದು ಒಂದು ಮಾತು ಹೇಳ್ಬಿಡಿ, ಅವ್ನು ಬದ್ಕವ್ನೆ ಅಂತ.”

ಅಲ್ಲಿಯವರೆಗೆ ನಾನು ಹೆದರಿದ್ದು ನನ್ನ ಬಗ್ಗೆ. ಈಗ ಆದ ಹೆದರಿಕೆ ಬೇರೆಯದು. ನಾನು ಗಾಂಭೀರ್ಯ ಎಂದುಕೊಂಡಿದ್ದ ವಸ್ತು ಹುಲಿಕೆರೆಯಲ್ಲಿ ಒಂದು ಮಗುವಿನ ಅನ್ನ ಬಿಡಿಸಿತ್ತು. ಸೀರೆ ಕೂಡ ಬದಲಿಸದೆ ಹೊರಟೆ.

ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸಿನಲ್ಲಿ ನಾನೂ ಯಜಮಾನರೂ ಪಿಸುಮಾತಿನಲ್ಲಿ ಕುಕ್ಕರಣ್ಣನನ್ನು ಬದುಕಿಸಲು ತೊಡಗಿದೆವು. ಮುಂದಿನ ಸೀಟಿನಲ್ಲಿದ್ದ ತಿಮ್ಮೇಗೌಡ ಆಗಾಗ ಹಿಂದಕ್ಕೆ ತಿರುಗಿ ಆಸೆಯಿಂದ ನೋಡುತ್ತಿದ್ದ.

“ಅಯಸ್ಕಾಂತದಿಂದ ಎಳೆದ್ರು ಅಂತ ಹೇಳು,” ಎಂದರು ಯಜಮಾನರು.

“ಅಲ್ಯುಮಿನಿಯಂ ಅಯಸ್ಕಾಂತಕ್ಕೆ ಅಂಟಲ್ಲ ರೀ!”

“ಸೂರ್ಯ ಅವತ್ತು ತಣ್ಣಗಿತ್ತು ಅನ್ನು.”

ಇಪ್ಪತ್ತು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ಎಂಥ ಗತಿ! ಹಳೇಬೀಡು ಬಂದರೂ ಕುಕ್ಕರಣ್ಣ ಆವಿಯಾಗಿಯೇ ಇದ್ದ.

ಹುಲಿಕೆರೆಯಲ್ಲಿ ಮೆಟ್ಟಿಲುಗಳ ಹಳೆಯ ಕಲ್ಲಿನ ಕೊಳವೊಂದಿದೆ. ತಿಮ್ಮೇಗೌಡನ ಮನೆ ಅದಕ್ಕೆ ಹತ್ತಿರ. ಟೀಚರನ್ನು ಕರೆತರುತ್ತೇನೆಂದು ಅಪ್ಪ ಹೇಳಿಹೋಗಿದ್ದರಿಂದ ಪವಿತ್ರ ಬೆಳಿಗ್ಗೆಯಿಂದ ಮೇಲಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಬಿಸಿಲಿಗೆ ಕೂತಿದ್ದಳು. ಕಡ್ಡಿಯಂಥ ಹುಡುಗಿ, ಕಣ್ಣು ಮಾತ್ರ ದೊಡ್ಡವು. ಅವಳ ಸುತ್ತ ಮೆಟ್ಟಿಲುಗಳ ತುಂಬ ಊರಿನ ಮಕ್ಕಳು, ತೊಡೆಯ ಮೇಲೆ ಐದೂ ಭಾಗಗಳು. ನನಗೆ ಕೆಳಗಿನ ಮೆಟ್ಟಿಲು ತೋರಿಸಿದರು. ಇಳಿದು ನಿಂತೆ. ಹಿಂದೆ ನೀರು, ಮುಂದೆ ಓದುಗರು!

“ಮಕ್ಕಳೇ,” ಎಂದು ಗಂಟಲು ಸರಿಮಾಡಿಕೊಂಡೆ. “ಕುಕ್ಕರಣ್ಣ ಬೀಳಲೇ ಇಲ್ಲ. ಅವನು ಪಕ್ಕಕ್ಕೆ ಹಾರಿಕೊಂಡ.”

ಎರಡು ಜಡೆಯ ಹುಡುಗಿಯೊಬ್ಬಳು ಪುಟ ತಿರುಗಿಸಿದಳು. “ಬಿದ್ದಿದ್ದನ್ನ ವಿನು, ಚಂದ್ರಿ ಇಬ್ರೂ ಕಣ್ಣಾರೆ ಕಂಡ್ರು ಅಂತ ಐತೆ ಟೀಚರ್.”

“ಅದು... ಬರೀ ಬಿಂಬ. ಕನ್ನಡಿಯಲ್ಲಿ ಕಾಣುತ್ತಲ್ಲ, ಹಾಗೆ.”

“ಅಲ್ಲಿ ಕನ್ನಡಿ ಎಲ್ಲಿಂದ ಬಂತು ಟೀಚರ್?”

“ಹಾಗಾದರೆ ಅವನಂಥ ಇನ್ನೊಬ್ಬ ಇದ್ದ!”

“ಮೂರನೇ ಭಾಗದಲ್ಲಿ, ‘ಪ್ರಪಂಚದಲ್ಲಿ ಇಂಥವನು ಇವನೊಬ್ಬನೇ’ ಅಂತ ನೀವೇ ಬರ್ದಿದೀರ.”

ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಬರಲಿಲ್ಲ. ಅರಿವಿಲ್ಲದೆ ಒಂದು ಹೆಜ್ಜೆ ಹಿಂದಿಟ್ಟೆ, ಬಲಗಾಲು ಚಪ್ಪಲಿ ಸಮೇತ ನೀರಿಗೆ ಹೋಯಿತು. ಯಾರೂ ನಗಲಿಲ್ಲ. ಅದೇ ಭಯಂಕರವಾಗಿತ್ತು.

ಆಗ ಪವಿತ್ರ ಮೊದಲ ಸಲ ಮಾತಾಡಿದಳು. “ಟೀಚರ್, ಅವನು ಹೆಂಗೆ ಬದುಕ್ತಾನೆ ಅಂತ ನಿಮಗೂ ಗೊತ್ತಿಲ್ವಾ?”

“ಗೊತ್ತಿಲ್ಲ ಕಣಮ್ಮ,” ಎಂದೆ. “ನಾನು ದೊಡ್ಡ ಲೇಖಕಿ ಅನ್ನಿಸಿಕೊಳ್ಳೋಕೆ ಅವನನ್ನ ಸಾಯಿಸಿದೆ. ಯೋಚನೆ ಮಾಡಲಿಲ್ಲ. ತಪ್ಪಾಯ್ತು.”

ಮೇಲೆ ನಿಂತಿದ್ದ ತಿಮ್ಮೇಗೌಡ ಟವೆಲಿನಿಂದ ಮುಖ ಒರೆಸಿಕೊಂಡ. ಪವಿತ್ರ ನನ್ನನ್ನು ಬಹಳ ಹೊತ್ತು ನೋಡಿದಳು. ಪರೀಕ್ಷೆಯಲ್ಲಿ ನಪಾಸಾದವರನ್ನು ನಾನು ನೋಡುತ್ತೇನಲ್ಲ, ಹಾಗೆ.

“ಅವನ ಗುಂಡು ಏನಾಯ್ತು?” ಎಂದು ಕೇಳಿದಳು.

“ಯಾವ ಗುಂಡು?”

“ಕುಕ್ಕರ್ ಮೇಲೆ ಇಡ್ತಾರಲ್ಲ ಟೀಚರ್, ಸೀಟಿ ಹೊಡಿಯೋ ಗುಂಡು! ಅವನ ನೆನಪೆಲ್ಲ ಅದ್ರಲ್ಲೇ ಐತೆ ಅಂತ ಮೊದಲನೇ ಭಾಗದಲ್ಲಿ ಬರ್ದಿದೀರ. ಕೊನೇ ಸೀಟಿಗೆ ಅದು ಹಾರಿ ಹೋಯ್ತು ಅಂತ ಐದನೇ ಭಾಗದಲ್ಲಿ ಬರ್ದಿದೀರ. ಹಾರಿದ್ದು ಎಲ್ಲಿಗೆ?”

ಎರಡು ಜಡೆಯವಳು ಚಂಗನೆ ಎದ್ದಳು. “ನೌಕೆ ಕಡೆಗೇ! ಹಗ್ಗ ಕಟ್ಟಿದ್ದ ಕೊಂಡಿಗೆ ಸಿಕ್ಕಾಕ್ಕೊಂಡೈತೆ! ಅಜ್ಜಿ ಹೊಸಾ ಕುಕ್ಕರ್ ಕೊಡ್ತಾಳೆ!”

“ಐದು ಲೀಟರಿಂದು!”

“ಹತ್ತು ಲೀಟರು ಕಣೇ, ಈ ಸಲ ಗುರುಗ್ರಹಕ್ಕೆ ಹೋಗಬೇಕು!”

ಮೆಟ್ಟಿಲುಗಳ ಮೇಲೆ ಕೂಗಾಟವೋ ಕೂಗಾಟ. ಯಜಮಾನರು ಬಸ್ ಟಿಕೆಟಿನ ಹಿಂದೆ ಬರೆದುಕೊಳ್ಳತೊಡಗಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಒದ್ದೆ ಚಪ್ಪಲಿಯಲ್ಲಿ ನಿಂತೇ ಇದ್ದೆ. ಗದ್ದಲದ ನಡುವೆ ಪವಿತ್ರ ಕಂಬಳಿ ಸರಿಸಿ ಮೇಲೆ ನೋಡಿ, “ಅಪ್ಪಾ, ಮುದ್ದೆ ಐತಾ?” ಎಂದಳು. ತಿಮ್ಮೇಗೌಡ ಮನೆ ಕಡೆಗೆ ಓಡಿದ ಓಟವನ್ನು ನಾನು ಈಗಲೂ ಮರೆತಿಲ್ಲ. ಅವಳು ಎರಡು ತುತ್ತು ನುಂಗಿ ಮೂರನೆಯದಕ್ಕೆ ಕೈ ಹಾಕುವವರೆಗೂ ನಾನು ಸರಿಯಾಗಿ ಉಸಿರಾಡಿರಲಿಲ್ಲ.

ಆರನೇ ಭಾಗವನ್ನು ಮಕ್ಕಳು ಹೇಳಿದಂತೆಯೇ ಬರೆದೆ. ಒಂದು ಕಡೆ ಮಾತ್ರ ನನ್ನದೊಂದು ವರ್ಣನೆ ಸೇರಿಸಿ, ಹೆದರಿ, ಹೊಡೆದುಹಾಕಿದೆ. ಪುಸ್ತಕ ಹೊರಬಂದ ಮೇಲೆ ಬೇಲೂರಿನಿಂದ ಮೊದಲ ಕಾರ್ಡು ಬಂತು. ಅದನ್ನು ಓದುವ ಧೈರ್ಯ ನನಗಾಗಲಿಲ್ಲ. ಯಜಮಾನರ ಕೈಗೆ ಕೊಟ್ಟು ಕಣ್ಣು ಮುಚ್ಚಿ ಕೂತೆ. ಅವರು ಗಟ್ಟಿಯಾಗಿ ಓದಿದರು.

“‘ಟೀಚರ್, ಆರನೇ ಭಾಗ ಎಲ್ಲಕ್ಕಿಂತ ಚೆನ್ನಾಗಿದೆ. ಇದನ್ನು ನೀವು ಬೇರೆಯವರ ಹತ್ತಿರ ಬರೆಸಿದ್ದೀರಿ ಅನ್ನಿಸುತ್ತದೆ. ಇನ್ನು ಮುಂದೆಯೂ ಅವರ ಹತ್ತಿರವೇ ಬರೆಸಿ.’”

ನಾನು ಕಣ್ಣು ತೆರೆದೆ.

“ಉತ್ತರ ಬರೀತೀಯಾ?” ಎಂದರು ಯಜಮಾನರು, ಮೀಸೆಯಲ್ಲೇ ನಗುತ್ತಾ.

ಬರೆದೆ. ‘ಪ್ರಿಯ ಓದುಗರೇ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕಾಗಿ ವಂದನೆಗಳು. ಅದನ್ನು ಲೇಖಕರಿಗೆ ತಲುಪಿಸುತ್ತೇನೆ.’