ಅಕ್ಕನ ಕಿಡ್ನ್ಯಾಗಿನ ಹಳ್ಳು

ಹೈದರಾಬಾದಿನ ಒಂದು ದವಾಖಾನ್ಯಾಗ, ಕಿಡ್ನಿ ಕೊಡೋರು ತಗೊಳ್ಳೋರ ನಡುವ ಓಡಾಡೂದು ನನ್ನ ಕೆಲಸ. ಅಲ್ಲಿ ಬರೇ ಅಳು ಅಂತ ಮಂದಿ ತಿಳಕೊಂಡಾರ. ಯಪ್ಪಾ, ನಗು ತಡಕೊಳ್ಳೂದ ನಮಗ ದೊಡ್ಡ ಕಷ್ಟ. ಕಾಚಿಗೂಡದ ಅಕ್ಕ-ತಮ್ಮನ ಕತಿ ಕೇಳ್ರಿ.

ತಾಟಿನಾಗಿನ ಹಳ್ಳು

ತಮ್ಮ ಡಯಾಲಿಸಿಸ್ ಮಾಡಿಸಿ ಮಾಡಿಸಿ ಸೊರಗಿ ಕಡ್ಡಿ ಆಗಿದ್ದ. ಅಕ್ಕ ಕಿಡ್ನಿ ಕೊಡತೀನಂತ ಬಂದರು. ಸ್ಕ್ಯಾನಿನಾಗ ಅವರ ಎಡಗಿಡ್ನಿಯೊಳಗ ತೊಗರಿಬ್ಯಾಳಿಯಷ್ಟು ಒಂದು ಕಲ್ಲು, ನಮ್ಮ ಮಾತಿನಾಗ ಹಳ್ಳು, ಕಾಣಿಸ್ತು. ಮತ್ತ ಮತ್ತ ಹಳ್ಳು ಆಗೂ ಮೈಯಿದ್ದರ ಕೊಡಾಕ ಬರೂದಿಲ್ಲ, ಮೊದಲ ತಪಾಸಣಿ ಆಗಲಿ ಅಂದರು ಡಾಕ್ಟರು. ಅಕ್ಕನ ಮಾರಿ ಸಣ್ಣದಾತು. ತಮ್ಮ ಮಾತ್ರ, ಇದೇನು ಹೊಸಾದಲ್ಲರಿ, ನಮ್ಮಕ್ಕ ಅಕ್ಕಿ ಹಸನ ಮಾಡಿದ ದಿನಾ ನನ್ನ ತಾಟಿನಾಗ ಹಳ್ಳು ಗ್ಯಾರಂಟಿ ಅಂದ.

ತುಂಬಿದ ಕ್ಯಾನು

ಒಂದಿಡೀ ದಿನದ ಮೂತ್ರ ಕೂಡಿಟ್ಟು ತರ್ರಿ ಅಂತ ಅಕ್ಕಗ ದೊಡ್ಡ ಕ್ಯಾನು ಕೊಟ್ಟೆ. ತುಳುಕೂಹಂಗ ತುಂಬಿ ಬಂತು. ರಿಪೋರ್ಟ್ ನೋಡಿ ಡಾಕ್ಟರಿಗೆ ಗಾಬರಿ. ಒಬ್ಬ ಹೆಣ್ಣಮಗಳ ಮೈಯಿಂದ ಹಳ್ಳು ಕಟ್ಟೂ ಉಪ್ಪು ಇಷ್ಟು ಹೋಗತದೇನು, ಇದು ಖರೇ ಆದರ ಕಿಡ್ನಿ ಬ್ಯಾಡ ಅಂದರು. ಕೆದಕಿ ಕೇಳಿದ ಮ್ಯಾಲೆ ಅಕ್ಕ ನಾಚಕೋತ ಬಾಯಿ ಬಿಟ್ಟರು.

"ಅರ್ಧಾನೂ ತುಂಬಿರಲಿಲ್ಲರಿ. ಕೊಟ್ಟ ಡಬ್ಬಿ ಖಾಲಿ ತಿರುಗಿ ಕೊಡಬಾರದಂತ ನಮ್ಮ ಮನಿಯವರಿಗೂ ಹೇಳಿದೆ."

ಅಕ್ಕನ ಗಂಡ ಗ್ವಾಡಿ ನೋಡಕೋತ ನಿಂತಿದ್ದರು. ನಮ್ಮ ಮಂದಿ ಬಟ್ಟಲ ತಿರುಗಿ ಕೊಡೂಮುಂದ ನಾಕು ಕಾಳು ಸಕ್ರಿ ಹಾಕತಾರ. ನಾನೂ ಅಂಥಾ ಮನ್ಯಾಗ ಬೆಳದಾಕಿ, ಬಯ್ಯಾಕ ಬಾಯಿ ಬರಲಿಲ್ಲ. ಪುಣ್ಯಕ್ಕ ಇದರಾಗ ಸಕ್ರಿ ಹಾಕಿರಲಿಲ್ಲ.

ಹಸನ ಮಾಡಿದ್ದು

ಎರಡನೇ ಸಲ ಕ್ಯಾನು ಅರ್ಧಾ ಬಂತು, ರಿಪೋರ್ಟ್ ಚೊಲೋ ಬಂತು. ಹಳ್ಳಿನ ಕಿಡ್ನೀನ ತಗದು, ಟೇಬಲ್ ಮ್ಯಾಲೆ ಹಳ್ಳು ಆರಿಸಿ ಹಸನ ಮಾಡಿ ತಮ್ಮಗ ಹಾಕತೀವಿ, ಚೊಲೋದು ನಿಮಗ ಉಳೀಲಿ ಅಂದರು ಡಾಕ್ಟರು. ಅಕ್ಕ ಹಟಕ್ಕ ಬಿದ್ದರು. ಕೊಟ್ಟರ ಚೊಲೋದ ಕೊಡಬೇಕು, ಹಳ್ಳಿನ ಕಿಡ್ನಿ ತಾವ ಇಟ್ಟುಕೊಳ್ಳತಾರಂತ.

"ಅಕ್ಕಾ, ನೀ ಚೆಂದ ಇರಬೇಕು. ಇಲ್ಲಂದ್ರ ನನಗ ಯಾವದೂ ಬ್ಯಾಡ," ಅಂದ ತಮ್ಮ. ಆವಾಗ ಒಪ್ಪಿದರು.

ಆಪರೇಷನ್ ಆತು, ಕಿಡ್ನಿ ಕೆಲಸ ಹಿಡೀತು. ಖರೇ ಹೇಳತೀನಿ, ನನಗ ಅಳು ಬಂತು. ಅಕ್ಕ ಎದ್ದು ಓಡಾಡೂಹಂಗ ಆದ ಮ್ಯಾಲೆ ತಮ್ಮನ ಖೋಲಿಗೆ ಕರಕೊಂಡು ಹೋಗಿ, ಸಣ್ಣ ಬಾಟಲಿಯೊಳಗಿನ ಹಳ್ಳು ತೋರಿಸಿದೆ. ತಮ್ಮ ಅದನ್ನ ಬೆಳಕಿಗೆ ಹಿಡಿದ.

"ಅಕ್ಕಾ, ಈ ಸಲಾನೂ ಒಂದು ಬಿಟ್ಟಿದ್ದಿ ನೋಡು."

ನಗು ಬಂದು ಇಬ್ಬರಿಗೂ ಹೊಲಿಗಿ ಎಳೀತು, ಹೊಟ್ಟಿ ಹಿಡಕೊಂಡು ನರಳಿದರು. ಅಕ್ಕ ಸೆರಗಿಲೆ ಕಣ್ಣು ಒರಸಿಕೊಂಡು ಅಂದರು:

"ಬಾಜೂಕ ತಗದಿಟ್ಟು ಸುಮ್ಮನ ಉಣ್ಣಬೇಕಪ್ಪ. ಮಂದಿಗೆಲ್ಲಾ ತೋರಿಸಬಾರದು."