ಮಾವನವರ ಕಿರುಚಾಟಕ್ಕೆ ಗ್ರೀಸ್ ಹಾಕುವ ಬಗ್ಗೆ

ಇಂದ:
ಎಲಿಸೆಯೊ ತುಬಾಕ್,
ಬಾಡಿಗೆ ವ್ಯಾನಿನ ಚಾಲಕ ಹಾಗೂ ತಮ್ಮ ಏಕೈಕ ಅಳಿಯ,
ಸಾಂತಿಯಾಗೊ ಸಕತೆಪೆಕೆಸ್, ಗ್ವಾಟೆಮಾಲಾ.

ಗೆ:
ದಿವಂಗತ ಇಲಾರಿಯೊ ಚಿರೋಯ್‌ರವರು,
ಹಳದಿ ಬಣ್ಣದ ಸಮಾಧಿ, ಊರ ಸ್ಮಶಾನ.

ಮೂಲಕ:
ಸತ್ತವರಿಗೆ ಸುದ್ದಿ ಮುಟ್ಟಿಸುವ, ಸತ್ತವರ ಹಬ್ಬದ ಗಾಳಿಪಟ (ಅರ್ಜಿಯನ್ನು ದಾರಕ್ಕೆ ಸಿಕ್ಕಿಸಿದೆ).

ವಿಷಯ: ವ್ಯಾನಿನ ಸ್ಪೀಡೋಮೀಟರಿನಲ್ಲಿ ತಾವು ಮಾಡುತ್ತಿರುವಿರೆನ್ನಲಾದ ಸದ್ದನ್ನು ನಿಲ್ಲಿಸಲು ಅನುಮತಿ ಕೋರಿ.

ಉಲ್ಲೇಖ: ತಾವು ಬದುಕಿದ್ದಾಗ ಮುಂದಿನ ಸೀಟಿನಿಂದ ದಿನಂಪ್ರತಿ ಹೊರಡಿಸುತ್ತಿದ್ದ ಮೌಖಿಕ ಆದೇಶ: "ನಿಧಾನ ಕಣೋ, ಕತ್ತೆ."

ಮಾನ್ಯ ಮಾವನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ,

1. ತಮ್ಮನ್ನು ಮಣ್ಣು ಮಾಡಿದ ವಾರವೇ ನಮ್ಮ ಹಳೇ ವ್ಯಾನಿನ ಸ್ಪೀಡೋಮೀಟರು ಕಿರುಚಲು ಪ್ರಾರಂಭಿಸಿರುತ್ತದೆ. ಮುಳ್ಳು ನಲವತ್ತು ದಾಟಿದರೆ ಸಾಕು, ಕಿರ್ರೋ ಎನ್ನುತ್ತದೆ. ತಾವು ಸಹ ನಲವತ್ತು ದಾಟಿದ ಕೂಡಲೇ ಕಿರುಚುತ್ತಿದ್ದಿರಿ. ಕಾರಣ, ಅದು ತಾವೇ ಎಂದು ಅತ್ತೆಯವರಾದ ಶ್ರೀಮತಿ ತ್ರಾನ್ಸಿತೊರವರು ತೀರ್ಮಾನಿಸಿರುತ್ತಾರೆ.

2. ಅತ್ತೆಯವರು ದಿನಾ ಬೆಳಿಗ್ಗೆ ಕ್ಯಾರೆಟ್ ಮೂಟೆ ಹಾಕಿಕೊಂಡು ಆಂತಿಗುವಾ ಸಂತೆಗೆ ತಮ್ಮ ಸೀಟಿನಲ್ಲೇ ಕೂತು ಬರುತ್ತಾರೆ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಜೊತೆ ಜಗಳ. ಇವತ್ತು ದರ ಇಳಿಸುವುದಿಲ್ಲ ಎಂದು ಅವರು, ಕಿರ್ರೋ ಎಂದು ಅದು, ನಿಮಗೇನು ಗೊತ್ತು ವ್ಯಾಪಾರ ಎಂದು ಮತ್ತೆ ಅವರು. ನಡುವೆ ನಾನು ಬ್ರೇಕ್ ಹಾಕಿದರೆ, ಗಂಡ ಹೆಂಡಿರ ಮಾತಿಗೆ ಅಡ್ಡ ಬಂದೆನೆಂದು ನನಗೆ ಮಂಗಳಾರತಿ. ಸಂತೆ ತಲುಪುವ ಹೊತ್ತಿಗೆ ಅವರ ಮುಖ ಮಾತ್ರ ಅರಳಿರುತ್ತದೆ, ಅದನ್ನು ಇಲ್ಲವೆನ್ನಲಾಗದು.

3. ಹಿಂದಿನ ಸೀಟಿನವರ ಪಾಡು ಬೇರೆ. ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತಿದ್ದ ಟೀಚರಮ್ಮ ಈಗ ಬೇರೆ ವ್ಯಾನ್ ಹಿಡಿದಿದ್ದಾರೆ. ಒಂದು ಹುಂಜ ಹೆದರಿ ಬುಟ್ಟಿಯಿಂದ ಹಾರಿ ಪಾದ್ರಿಗಳ ತಲೆಯೇರಿರುತ್ತದೆ. ಆದ್ದರಿಂದ ವ್ಯಾನನ್ನು ಮೆಕ್ಯಾನಿಕ್ ಫೌಸ್ಟೊನಿಗೆ ತೋರಿಸಲಾಗಿ, ಅವನು ಸ್ಪೀಡೋಮೀಟರಿನ ತಂತಿ ಎಳೆದು ನೋಡಿ ಹೇಳಿದ್ದನ್ನು ಯಥಾವತ್ತಾಗಿ ಕೆಳಗೆ ಕಾಣಿಸಿದೆ:

"ಒಣಗಿ ಕಡ್ಡಿ ಆಗಿದೆ ಕಣಯ್ಯಾ. ಗ್ರೀಸ್ ಹಾಕಿದ್ರೆ ನಿಮ್ಮಾವ ಸುಮ್ನಾಗ್ತಾನೆ. ಹಾಕದಿದ್ರೆ ಇವತ್ತೋ ನಾಳೆಯೋ ತಂತಿ ಪಟ್ ಅಂತ ತುಂಡಾಗತ್ತೆ, ಆಗ್ಲೂ ಸುಮ್ನಾಗ್ತಾನೆ."

4. ಇದನ್ನು ಕೇಳಿ ಗ್ರೀಸ್ ಹಾಕಿಸದೆಯೇ ವ್ಯಾನನ್ನು ಮನೆಗೆ ತಂದೆ. ತಾವು ಹೋದಾಗ ಅತ್ತೆಯವರು ಒಲೆ ಮುಂದೆ ಕೂತವರು ಏಳಲಿಲ್ಲ, ರೊಟ್ಟಿ ಮುಟ್ಟಲಿಲ್ಲ, ಸಂತೆಯ ಹೆಸರೆತ್ತಲಿಲ್ಲ. ಅವರನ್ನು ಎಬ್ಬಿಸಿದ್ದು ಈ ದರಿದ್ರ ಸದ್ದು. ತಾವು ಎರಡನೇ ಸಲ ತೀರಿಕೊಂಡರೆ ಅವರು ತಡೆದುಕೊಂಡಾರೆಯೇ ಎಂಬ ಭಯದಿಂದ, ತಮ್ಮನ್ನು ಸ್ಪೀಡೋಮೀಟರಿನಿಂದ ವೈಪರಿಗೆ ವರ್ಗಾಯಿಸಿಕೊಳ್ಳುವಂತೆ ಕೋರಲು ಈ ಅರ್ಜಿ ಬರೆಯುತ್ತ ಕೂತಿದ್ದೆ. ಅತ್ತೆಯವರು ಬಂದು, ಏನದು ಓದು ಎಂದರು. ಓದಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

5. ಅವರು ಹೇಳಿದ್ದಿಷ್ಟು:

"ಅದು ತಂತಿ ಅಂತ ನಂಗೆ ಗೊತ್ತಿಲ್ವೇನಪ್ಪಾ? ಅವರಿದ್ದಾಗ ನಾನೊಂದು ಅಂದ್ರೆ ಅವರೊಂದು ಅಂತಿದ್ರು. ಈಗ ನಾನು ಏನಂದ್ರೂ ಎಲ್ಲಾರೂ 'ಆಯ್ತು, ಆಯ್ತು' ಅಂತೀರ. ಎದುರು ಮಾತಾಡೋಕೆ ಆ ತಂತಿ ಬಿಟ್ರೆ ನಂಗ್ಯಾರಿದಾರೆ?"

ನಾನೂ "ಆಯ್ತತ್ತೆ" ಎಂದುಬಿಟ್ಟೆ.

ಆದ್ದರಿಂದ, ಮೇಲ್ಕಾಣಿಸಿದ ವರ್ಗಾವಣೆಯ ಕೋರಿಕೆಯನ್ನು ಹಿಂಪಡೆಯುತ್ತಾ, ತಂತಿಗೆ ಗ್ರೀಸ್ ಹಾಕಲು ಅನುಮತಿಯನ್ನೂ, ತತ್ಪರಿಣಾಮವಾಗಿ ತೆರವಾಗುವ ತಮ್ಮ ಸ್ಥಾನದಲ್ಲಿ ಅತ್ತೆಯವರಿಗೆ ಎದುರುತ್ತರ ಕೊಡಲು ನನ್ನನ್ನು ಪ್ರಭಾರಿಯನ್ನಾಗಿ ನೇಮಿಸಿ ಆದೇಶವನ್ನೂ ದಯಪಾಲಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ತಮಗೆ ಒಮ್ಮೆಯೂ ಎದುರಾಡದ,
ಎಲಿಸೆಯೊ

ಲಗತ್ತುಗಳು:
ಬೆಲ್ಲದ ಪಾಕದಲ್ಲಿ ಬೇಯಿಸಿದ ಕುಂಬಳಕಾಯಿ, ಒಂದು ಬಟ್ಟಲು (ಭಾರವಾದ್ದರಿಂದ ಸಮಾಧಿಯ ಮೇಲೆಯೇ ಇಟ್ಟಿದೆ).
ಅತ್ತೆಯವರ ಒಪ್ಪಿಗೆ (ಇನ್ನೂ ಕೇಳಿಲ್ಲ, ಧೈರ್ಯವಾಗಿಲ್ಲ).

ವಿ.ಸೂ.: ಈ ಕೆಲಸದಲ್ಲಿ ನನಗೆ ಪೂರ್ವಾನುಭವ ಇರುವುದಿಲ್ಲ. ನಾಳೆ ಬೆಳಗಿನ ಟ್ರಿಪ್ಪಿಗೆ ಮುಂಚೆ ಒಂದೆರಡು ಮಾದರಿ ಉತ್ತರಗಳನ್ನು ಕನಸಿನಲ್ಲಿ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.