ಬಿಗಿ ಚೇಂಬರಿನ ಭಕ್ತ

ಚಿಂತೆ ಮಾಡುವುದಕ್ಕೂ ಒಂದು ಪ್ರತಿಭೆ ಬೇಕು. ನನಗದು ಹುಟ್ಟಿನಿಂದಲೇ ಬಂದಿದೆ. ಹರಪನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು ಮಳೆಯ ಬಗ್ಗೆ ಚಿಂತಿಸಿದರೆ ಸಾಕು. ನಾನು ರೈಫಲ್ಲಿನ ಚೇಂಬರಿನ ಬಗ್ಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿನ ಬಗ್ಗೆ, ಚಿಂತಿಸಿ ಸೊರಗಿದೆ.

ನಮ್ಮೂರ ರೈಫಲ್ ಕ್ಲಬ್ಬಿನಲ್ಲಿರುವುದು ಎರಡೇ ರೈಫಲ್ಲು. ಒಂದರ ಚೇಂಬರು ಬಿಗಿ. ತೋಟಾ ಅದರಲ್ಲಿ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ, ಗುಂಡು ಇಟ್ಟ ಗುರಿಗೇ ಹೋಗುತ್ತದೆ. ಆದರೆ ಚೂರು ಧೂಳು ಸೋಕಿದರೂ ಮುನಿಸಿಕೊಂಡು ತೋಟಾವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಇನ್ನೊಂದು ಸಡಿಲ, ಅಣ್ಣನ ಅಂಗಿ ತೊಟ್ಟ ತಮ್ಮ. ಧೂಳಿರಲಿ, ಜಿಡ್ಡಿರಲಿ, ಢಂ ಅನ್ನುತ್ತದೆ. ಗುಂಡು ಮಾತ್ರ ಗುರಿಯ ಆಸುಪಾಸಿನ ನೆಂಟರನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ.

ಹಡಗಲಿಯವರ ಮೇಲಿನ ಪಂದ್ಯಕ್ಕೆ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದರ ಮೇಲೆ ಕಣ್ಣಿಟ್ಟವರು ನಾನು ಮತ್ತು ನನ್ನ ಹೆಂಡತಿಯ ತಮ್ಮ ಕೊಟ್ರೇಶ. ಅವನು ಸಡಿಲದ ಪಕ್ಷ.

"ಬಂದೂಕು ಅಂದ್ರ ಮೊದ್ಲು ಹಾರಬೇಕ್ರಿ ಮಾವ. ಗುರಿ ಆಮ್ಯಾಲಿನ ಮಾತು."

"ಅದ್ಕ ಪಟಾಕಿ ಸೋವಿ ಅಲ್ಲೇನಲೇ?"

ಬಡಿಸುತ್ತಿದ್ದ ಹೆಂಡತಿ ಹೇಳಿದಳು: "ಬಚ್ಚಲ ಬಾಗಲದ ಚಿಲಕಾನೂ ಬಿಗಿ ಆಗೈತಿ. ಇಬ್ರೂ ಸೇರಿ ಮೊದ್ಲು ಅದನ್ನ ನೋಡ್ರಿ."

ಆಯ್ಕೆಯ ದಿನ ಧೂಳಿಗೆ ನಾನು ಅವಕಾಶವೇ ಕೊಡಲಿಲ್ಲ. ಚೇಂಬರನ್ನು ಬ್ರಷ್ಷಿನಿಂದ ಉಜ್ಜಿದೆ, ರೈಫಲ್ಲಿಗೆ ಬಟ್ಟೆ ಹೊದಿಸಿದೆ, ನಾನು ಮಲಗಿ ಗುರಿ ಹಿಡಿಯುವ ಜಾಗದ ಸುತ್ತ ನೀರು ಚಿಮುಕಿಸಿದೆ. ಆಮೇಲೆ, ಜೀವನದಲ್ಲೇ ಮೊದಲ ಬಾರಿಗೆ ನಿಶ್ಚಿಂತನಾಗಿ, ಸರದಿ ಬರುವತನಕ ಕೊಟ್ರೇಶನ ಜೊತೆ ಒಗ್ಗರಣೆ ಮಂಡಕ್ಕಿ ತಿಂದೆ. ನಮ್ಮ ಕಡೆ ಮಂಡಕ್ಕಿಯ ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ, ಉದುರಿಸುವುದರಲ್ಲಿ ಜಿಪುಣತನ ತೋರಿಸಿದರೆ ಕೊಟ್ಟವನಿಗೂ ತಿಂದವನಿಗೂ ಅವಮಾನ.

ಇಬ್ಬರ ಹೆಸರೂ ಕೂಗಿದರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಓಡಿದೆ. ಮೊದಲ ಗುಂಡು ನಟ್ಟನಡುವಿಗೆ! ಎರಡನೆಯ ತೋಟಾ ಅರ್ಧಕ್ಕೇ ನಿಂತಿತು. ದಬ್ಬಿದೆ, ಬೇಡಿಕೊಂಡೆ, ಉಚ್ಚಂಗೆಮ್ಮನಿಗೆ ಹರಕೆ ಹೊತ್ತೆ. ಅದು ಕದಲಲಿಲ್ಲ. ಪಕ್ಕದಲ್ಲಿ ಅದೇ ಮಂಡಕ್ಕಿ ತಿಂದ ಕೊಟ್ರೇಶ ಢಂ ಢಂ ಅನ್ನಿಸುತ್ತಲೇ ಇದ್ದ. ಅವನ ಗುಂಡುಗಳು ಗುರಿಹಲಗೆಯಲ್ಲಿ ಅಲ್ಲಲ್ಲಿ ಸಂಸಾರ ಹೂಡಿದ್ದವು. ಆದರೆ ಹಲಗೆಯಲ್ಲೇ ಹೂಡಿದ್ದವು!

ನಮಗೆ ಕಲಿಸುವ ನಿವೃತ್ತ ಹವಾಲ್ದಾರರು ಬಂದು ನನ್ನ ತೋಟಾ ಎಳೆದು ತೆಗೆದರು. ಬೆಳಕಿಗೆ ಹಿಡಿದರು. ಮೂಸಿ ನೋಡಿದರು.

"ಪುಟಾಣಿ ಹಿಟ್ಟು ಮೆತ್ತೈತ್ರಿ ಸಾವ್ಕಾರ್ರ. ಒಗ್ಗರಣಿ ಚಲೋ ಆಗೈತಿ."

ಜಾಗ ಕೊಟ್ರೇಶನಿಗೆ ಸಿಕ್ಕಿತು. ತಂಡ ನನ್ನನ್ನೂ ಕೈಬಿಡಲಿಲ್ಲ: ಹಡಗಲಿಗೆ ಮಂಡಕ್ಕಿ ಒಯ್ಯುವ ಹೊಣೆ ನನ್ನದು. ಈಗ ಎರಡು ಡಬ್ಬಿ ಮುಂದಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿದ್ದೇನೆ. ಬಿಗಿ ಮುಚ್ಚಳದ್ದರಲ್ಲಿ ಮಂಡಕ್ಕಿ ಗರಿಗರಿಯಾಗಿರುತ್ತದೆ, ಆದರೆ ಹಸಿವಾದಾಗ ತೆಗೆಯಲು ಬರುವುದಿಲ್ಲ. ಸಡಿಲದ್ದು ಮುಟ್ಟಿದರೆ ತೆರೆಯುತ್ತದೆ, ಮಂಡಕ್ಕಿ ಮೆತ್ತಗಾಗುತ್ತದೆ. ಪಂದ್ಯ ನಾಳೆ. ಹೆಂಡತಿ ಯಾವುದಕ್ಕೂ ಇರಲಿ ಎಂದು ಪುಟಾಣಿ ಹಿಟ್ಟಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದಾಳೆ.